ಕಾಸರಕೋಡಿನ ಕಡಲತಡಿಯಲ್ಲಿ ಮೂರು ರಾತ್ರಿ: ನೀರು, ಬೆಳಕು ಮತ್ತು ಕಸದ ಲೆಕ್ಕದಲ್ಲಿ ಒಂದು ವಿಮರ್ಶೆ

ಈ ಜನವರಿಯಲ್ಲಿ ಸಂಕ್ರಾಂತಿಯ ರಜೆಯನ್ನು ವಾರಾಂತ್ಯಕ್ಕೆ ಹೊಂದಿಸಿಕೊಂಡು ನಾನು, ನನ್ನ ಪತಿ, ಒಂಬತ್ತು ವರ್ಷದ ಮಗಳು ಮತ್ತು ಮಂಡಿನೋವಿರುವ ನನ್ನ ಅತ್ತೆಯವರು ಹೊನ್ನಾವರ ತಾಲ್ಲೂಕಿನಲ್ಲಿ ಮೂರು ರಾತ್ರಿ ತಂಗಿದ್ದೆವು. ಶರಾವತಿ ಕಡಲು ಸೇರುವ ಅಳಿವೆಯ ದಕ್ಷಿಣಕ್ಕೆ ಕಾಸರಕೋಡು, ಉತ್ತರಕ್ಕೆ ಹೊನ್ನಾವರ ಪಟ್ಟಣ. ನಾವು ಉಳಿದುಕೊಂಡದ್ದು ಈ ಪ್ರದೇಶದ ಒಂದು ಹೋಂಸ್ಟೇಯಲ್ಲಿ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮೂರೇ ಕೋಣೆಗಳಿರುವ ಆ ಮನೆಯವರು ಇನ್ನಷ್ಟು ಜನ ಬರುವುದು ಬೇಡವೆಂದು ಸ್ಪಷ್ಟವಾಗಿ ಹೇಳಿದ್ದಾರೆ, ಮತ್ತು ನಾನು ಮುಂದೆ ಬರೆಯಲಿರುವ ಲೋಪಗಳು ಹೆಸರು ಹಿಡಿದು ಹೇಳಬೇಕಾದಷ್ಟು ದೊಡ್ಡವೂ ಅಲ್ಲ. ಆದರೆ ಪರಿಸರಕ್ಕೆ ಹೊರೆಯಾಗದಂತೆ ಕಡಲತಡಿಯಲ್ಲಿ ರಜೆ ಕಳೆಯಬೇಕೆನ್ನುವವರು ಅಂಥ ಮನೆಯನ್ನು ಹೇಗೆ ಹುಡುಕಬೇಕು, ಅಲ್ಲಿ ಏನನ್ನು ನೋಡಬೇಕು, ಎಷ್ಟನ್ನು ನಿರೀಕ್ಷಿಸಬೇಕು ಎಂಬುದನ್ನು ಈ ಒಂದು ವಾಸದ ಆಧಾರದ ಮೇಲೆ ವಿವರವಾಗಿ ಹೇಳಬಹುದೆಂದು ನನಗೆ ಅನ್ನಿಸಿದೆ.

ಹುಡುಕಾಟವನ್ನು ನಾವು ಅಕ್ಟೋಬರಿನಲ್ಲೇ ಆರಂಭಿಸಿದ್ದೆವು. ಪರಿಸರಸ್ನೇಹಿ ಎಂದು ಕರೆದುಕೊಳ್ಳುವ ವಸತಿಗೃಹಗಳಿಗೆ ನಮ್ಮ ಕರಾವಳಿಯಲ್ಲಿ ಕೊರತೆಯಿಲ್ಲ. ಬಿದಿರಿನ ಗೋಡೆ, ತೆಂಗಿನ ಗರಿಯ ಮಾಡು, ಮಣ್ಣಿನ ಲೋಟ ಇವುಗಳ ಚಿತ್ರಗಳು ಎಲ್ಲೆಡೆ ಒಂದೇ ತೆರನಾಗಿರುತ್ತವೆ. ಚಿತ್ರಗಳನ್ನು ನೋಡಿ ನಿರ್ಧರಿಸುವುದನ್ನು ಬಿಟ್ಟು, ಫೋನಿನಲ್ಲಿ ಮೂರೇ ಪ್ರಶ್ನೆಗಳನ್ನು ಕೇಳುವುದೆಂದು ನಾನು ಗೊತ್ತುಮಾಡಿಕೊಂಡೆ. ನಿಮ್ಮ ನೀರು ಎಲ್ಲಿಂದ ಬರುತ್ತದೆ ಮತ್ತು ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ರಾತ್ರಿ ಕಡಲಿನ ಕಡೆಗೆ ಎಷ್ಟು ದೀಪ ಉರಿಯುತ್ತದೆ? ಅತಿಥಿಗಳು ಬಿಟ್ಟುಹೋದ ಕಸವನ್ನು ಏನು ಮಾಡುತ್ತೀರಿ? ಏಳು ಕಡೆ ಕೇಳಿದೆ. ಒಂದೆಡೆ ಈಜುಕೊಳದ ಉದ್ದಗಲವನ್ನು ಹೇಳಿದರು. ಇನ್ನೊಂದೆಡೆ ಬಾಗಿಲು ತೆರೆದರೆ ಕಾಲು ಅಲೆಗೇ ತಾಗುತ್ತದೆ ಎಂದು ಅಭಿಮಾನದಿಂದ ಹೇಳಿದರು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ, ಜನದಟ್ಟಣೆ ಕಡಿಮೆಯಿರುವ ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಹಾಗಿರುವಾಗ ಆ ಮಾತು ನನಗೆ ಆಕರ್ಷಣೆಯಾಗಿ ಅಲ್ಲ, ಎಚ್ಚರಿಕೆಯಾಗಿ ಕೇಳಿಸಿತು. ಎರಡು ಕಡೆ ಮಾತ್ರ ಮೂರೂ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕಿತು. ಆ ಎರಡರಲ್ಲಿ ಒಂದು ಈ ಮನೆ. "ಬಾವಿ ನೀರು ಅಕ್ಕೋರೇ. ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗ್ತದೆ. ಕಸದ ವಿಷಯ ಮಾತ್ರ ನಮ್ಗೂ ಪೂರಾ ಬಗೆಹರಿಲಿಲ್ಲ" ಎಂದು ಮನೆಯ ಯಜಮಾನರು ಹೇಳಿದ ಆ ಕೊನೆಯ ವಾಕ್ಯಕ್ಕಾಗಿಯೇ ನಾನು ಮುಂಗಡ ಕಳಿಸಿದೆ. ನಾನು ಶಾಲೆಯಲ್ಲಿ ಪಾಠ ಹೇಳುವವಳೆಂದು ಮಾತಿನ ನಡುವೆ ತಿಳಿದಿದ್ದರಿಂದ ಆ ಸೀಮೆಯ ರೂಢಿಯಂತೆ ನಾನು ಅವರಿಗೆ ಮೊದಲ ಕರೆಯಲ್ಲೇ ಅಕ್ಕೋರಾಗಿಬಿಟ್ಟಿದ್ದೆ.

ನೀರಿನ ಪ್ರಶ್ನೆಯನ್ನೇ ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ. ಕಡಲ ಪಕ್ಕದ ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಉಪ್ಪುನೀರು ಸ್ವಲ್ಪ ಹೆಚ್ಚು ಭಾರವಾದ್ದರಿಂದ ಎರಡೂ ಸುಲಭವಾಗಿ ಬೆರೆಯದೆ ಒಂದರ ಮೇಲೊಂದು ನಿಂತಿರುತ್ತವೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಅದು ಸಮುದ್ರಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಉಪ್ಪುನೀರನ್ನು ಒತ್ತಿ ಹಿಡಿದಿರುತ್ತದೆ ಎಂಬುದು ಭೂಜಲ ವಿಜ್ಞಾನದ ಹಳೆಯ ಲೆಕ್ಕ. ಎಂದರೆ ಪಂಪು ಹಚ್ಚಿ ಆ ಒಂದು ಅಡಿಯನ್ನು ಕಳೆದುಕೊಂಡರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ ಅಷ್ಟೇ ದೊಡ್ಡ ಪ್ರಮಾಣದಲ್ಲಿ ಮೇಲೇರಿ ಬರಲು ದಾರಿಯಾಗುತ್ತದೆ. ಬಾವಿ ಒಮ್ಮೆ ಉಪ್ಪಾದರೆ ಅದು ಮತ್ತೆ ಸಿಹಿಯಾಗಲು ಎಷ್ಟು ಮಳೆಗಾಲ ಬೇಕೋ ಹೇಳಲಾಗದು. ಹಾಗೆ ಉಪ್ಪಾಗುವುದು ವಸತಿಗೃಹದ ಬಾವಿ ಒಂದೇ ಅಲ್ಲ, ಪಕ್ಕದ ಮೀನುಗಾರರ ಕೇರಿಯ ಬಾವಿಗಳೂ ಕೂಡ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಣ್ಣ ಈಜುಕೊಳಕ್ಕೂ 75,000 ಲೀಟರ್ ನೀರು ಬೇಕು. ಅರಬ್ಬೀ ಸಮುದ್ರವೇ ಎದುರಿಗಿರುವಾಗ ಕುಡಿಯುವ ನೀರಿನಲ್ಲಿ ಈಜುಕೊಳ ತುಂಬಿಸುವುದನ್ನು ನಾನು ಒಪ್ಪಲಾರೆ, ಮತ್ತು ಈಜುಕೊಳವಿರುವ ಕಡಲತಡಿಯ ವಸತಿಗೃಹ ತನ್ನನ್ನು ಪರಿಸರಸ್ನೇಹಿ ಎಂದು ಕರೆದುಕೊಂಡರೆ ಅದನ್ನು ಪಟ್ಟಿಯಿಂದ ತೆಗೆದುಹಾಕಲು ನನಗೆ ಬೇರೆ ಕಾರಣ ಬೇಕಾಗಿಲ್ಲ.

ನಾವು ತಂಗಿದ ಮನೆ ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಎತ್ತರದ ಜಗಲಿ ಇರುವ ಹಳೆಯ ಮನೆ. ಅದರ ಹಿಂಭಾಗದಲ್ಲಿ ಅದೇ ಮಾದರಿಯಲ್ಲಿ ಮೂರು ಕೋಣೆಗಳನ್ನು ಸೇರಿಸಿದ್ದಾರೆ. ಎ.ಸಿ. ಇಲ್ಲ. ಜನವರಿಯಲ್ಲಿ ಅದರ ಅಗತ್ಯವೂ ಇರಲಿಲ್ಲ. ಮಧ್ಯಾಹ್ನದ ಹೊತ್ತು ಫ್ಯಾನ್ ಸಾಕಾಗುತ್ತಿತ್ತು, ರಾತ್ರಿ ಎರಡು ಗಂಟೆಯ ಮೇಲೆ ಹೊದಿಕೆ ಬೇಕಾಗುತ್ತಿತ್ತು. ಸ್ನಾನಕ್ಕೆ ಷವರ್ ಇಲ್ಲ, ಬಕೆಟ್ ಮತ್ತು ತಂಬಿಗೆ ಇವೆ. ಹಾಸಿಗೆಯ ಹೊದಿಕೆಯನ್ನು ನಾವು ಕೇಳಿದರೆ ಮಾತ್ರ ಬದಲಿಸುತ್ತಾರೆ. ಇವೆಲ್ಲವನ್ನೂ ಬುಕ್ ಮಾಡುವಾಗಲೇ ಹೇಳಿದ್ದರಿಂದ ಕೊರತೆ ಎನ್ನಿಸಲಿಲ್ಲ. ಬಚ್ಚಲಿನ ನೀರು ಮೊದಲು ಜಲ್ಲಿ ಮತ್ತು ಮರಳು ತುಂಬಿದ ಒಂದು ತೊಟ್ಟಿಗೆ, ಅಲ್ಲಿಂದ ಬಾಳೆ ಮತ್ತು ಕೆಸುವಿನ ಮಡಿಗೆ ಹರಿಯುತ್ತದೆ. ಶೌಚದ ಗುಂಡಿಯು ಬಾವಿಯಿಂದ ಸಾಕಷ್ಟು ದೂರದಲ್ಲಿ, ನೆಲದ ಇಳಿಜಾರಿನ ಕೆಳಬದಿಗೆ ಇದೆ. ಮರಳುನೆಲದಲ್ಲಿ ಕೊಳೆನೀರು ಸೋಸಿಹೋಗಲು ಸಮಯವೇ ಸಿಗದಷ್ಟು ಬೇಗ ಹರಿದುಬಿಡುವುದರಿಂದ ಈ ಅಂತರ ಮತ್ತು ಈ ಇಳಿಜಾರು ಬಹಳ ಮುಖ್ಯ. ನನಗೆ ಇವನ್ನೆಲ್ಲ ತೋರಿಸಿದವರು ಯಜಮಾನರ ತಾಯಿ. ಅತಿಥಿಯೊಬ್ಬಳು ಶೌಚದ ಗುಂಡಿ ಎಲ್ಲಿದೆ ಎಂದು ಕೇಳಿದ್ದು ಅವರಿಗೆ ವಿಚಿತ್ರವೆನಿಸಿರಬೇಕು. ಆದರೂ ಕೋಲೂರಿಕೊಂಡು ತೋಟದ ತುದಿಯವರೆಗೆ ಬಂದರು.

ಎರಡನೆಯ ಪ್ರಶ್ನೆ ಬೆಳಕಿನದು. ಕಾಸರಕೋಡು ಟೊಂಕದ ಮರಳದಂಡೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಚಳಿಗಾಲದ ತಿಂಗಳುಗಳೇ ಅವುಗಳ ಕಾಲ, ಮತ್ತು ಪ್ರವಾಸಿಗರ ಕಾಲವೂ ಅದೇ. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ಗುಳಿ ತೋಡಿ ಸುಮಾರು ನೂರು ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುತ್ತದೆ. 45ರಿಂದ 60 ದಿನಗಳ ನಂತರ ಮರಿಗಳು ಸಾಮಾನ್ಯವಾಗಿ ರಾತ್ರಿಯಲ್ಲೇ ಹೊರಬರುತ್ತವೆ. ಮರಿ ಹೆಣ್ಣೋ ಗಂಡೋ ಎಂಬುದು ಮರಳಿನ ಬಿಸಿಯನ್ನು ಅವಲಂಬಿಸಿದೆ. ಬಿಸಿ ಹೆಚ್ಚಿದ್ದರೆ ಹೆಣ್ಣುಮರಿಗಳು ಹೆಚ್ಚು. ಹೊರಬಂದ ಮರಿ ಎಲ್ಲಿ ಹೆಚ್ಚು ಬೆಳಕಿದೆಯೋ ಆ ಕಡೆಗೆ ಹೋಗುತ್ತದೆ. ಮನುಷ್ಯರ ದೀಪಗಳಿಲ್ಲದ ದಡದಲ್ಲಿ ಆ ಬೆಳಕು ಕಡಲ ಮೇಲಿನ ಆಕಾಶದ್ದಾಗಿರುತ್ತದೆ, ದೀಪಗಳಿರುವ ದಡದಲ್ಲಿ ವಸತಿಗೃಹದ ಹುಲ್ಲುಹಾಸಿನದ್ದಾಗಿರುತ್ತದೆ. ದಾರಿ ತಪ್ಪಿದ ಮರಿಯನ್ನು ನಾಯಿ, ಕಾಗೆ, ಇಲ್ಲವೇ ಬೆಳಗಿನ ಬಿಸಿಲು ಕೊಲ್ಲುತ್ತದೆ. ಈ ದಂಡೆಯ ಮೀನುಗಾರರು ಗೂಡು ಕಂಡಾಗ ಅರಣ್ಯ ಇಲಾಖೆಗೆ ತಿಳಿಸಿ, ಸುತ್ತ ಬೇಲಿ ಕಟ್ಟಿ ಕಾಯುವ ಪದ್ಧತಿ ಬೆಳೆದುಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ ಮೊಟ್ಟೆ ಮುಟ್ಟುವುದೂ ಅಪರಾಧ ಎಂಬುದನ್ನು ಪ್ರವಾಸಿಗರು ತಿಳಿದಿರಬೇಕು.

ನಮ್ಮ ಮನೆಯಿಂದ ಸಮುದ್ರ ನೇರವಾಗಿ ಕಾಣುವುದಿಲ್ಲ, ಗಾಳಿಮರಗಳ ತೋಪು ದಾಟಿ ಹತ್ತು ನಿಮಿಷ ನಡೆಯಬೇಕು. ಆದ್ದರಿಂದ ಅವರ ದೀಪಗಳು ದಡಕ್ಕೆ ಬೀಳುವ ಪ್ರಶ್ನೆಯೇ ಇಲ್ಲ. ಆದರೂ ಅಂಗಳದಲ್ಲಿ ಒಂದೇ ಒಂದು ಹಳದಿ ದೀಪ ಇಟ್ಟು, ಅದನ್ನೂ ಒಂಬತ್ತೂವರೆಗೆ ಆರಿಸುತ್ತಿದ್ದರು. ರಾತ್ರಿ ದಡಕ್ಕೆ ಹೋಗಬೇಡಿರೆಂದು ಮೊದಲ ದಿನವೇ ಹೇಳಿದರು. ಮಗಳಿಗೆ ಆಮೆ ನೋಡುವ ಆಸೆ ಬಹಳವಿತ್ತು. ಟಾರ್ಚು ಹಿಡಿದು ಹುಡುಕಲು ಹೊರಟರೆ ದಡಕ್ಕೆ ಬಂದ ಹೆಣ್ಣಾಮೆ ಮೊಟ್ಟೆಯಿಡದೆ ಹಿಂದಿರುಗುವ ಸಾಧ್ಯತೆಯಿದೆ ಎಂದು ತಿಳಿಸಿದಾಗ ಅವಳು ಒಪ್ಪಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರಿನ ಚಕ್ರ ಹೋದಂಥ ಅಗಲವಾದ ಹೆಜ್ಜೆಸಾಲು ಕಂಡಿತು. ಆಮೆಯನ್ನು ಅವಳು ನೋಡಲಿಲ್ಲ, ಆಮೆ ಬಂದು ಹೋದ ದಾರಿಯನ್ನು ನೋಡಿದಳು. ಆ ಹೆಜ್ಜೆಗಳ ಪಕ್ಕದಲ್ಲೇ, ಒಂದನ್ನೂ ತುಳಿಯದೆ, ಅಲೆಯವರೆಗೆ ನಡೆದಳು.

ಊಟದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವುದು ಅಗತ್ಯ, ಏಕೆಂದರೆ ಈ ಮನೆಯ ಶ್ರೇಷ್ಠತೆ ಇರುವುದು ಅಡುಗೆಮನೆಯಲ್ಲಿ. ಇಲ್ಲಿ ಮೆನು ಇಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಮೀನುಗಾರ ಹೆಂಗಸರ ಬಳಿ ಏನಿದೆಯೋ ಅದೇ ಆ ದಿನದ ಮೀನು. ಮೊದಲ ದಿನ ಬಂಗುಡೆ, ಎರಡನೆಯ ದಿನ ತಾರ್ಲೆ, ಕೊನೆಯ ದಿನ ಶೆಟ್ಲಿ. ಪ್ರವಾಸಿಗರು ಎಲ್ಲೆಡೆ ಕೇಳುವ ಇಸ್ವಾಣವನ್ನು ಅವರು ಕೊಳ್ಳುವುದು ಅಪರೂಪ. ಬಂಗುಡೆ, ತಾರ್ಲೆಗಳಂಥ ಸಣ್ಣ ಮೀನು ಬೇಗ ಬೆಳೆದು ಬೇಗ ಮರಿಮಾಡುತ್ತವೆ, ದಡದ ಹತ್ತಿರವೇ ಸಿಗುತ್ತವೆ, ಅಗ್ಗವೂ ಹೌದು. ದೊಡ್ಡ ಮೀನನ್ನೇ ಬಯಸುವ ನಮ್ಮ ನಾಲಿಗೆ ಸ್ವಲ್ಪ ತಗ್ಗಿದರೆ ಕಡಲಿಗೂ ಕಿಸೆಗೂ ಹಿತ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಈ ಮನೆಯಲ್ಲಿ ನಾಡದೋಣಿಯವರು ತಂದದ್ದು, ಹೊಳೆಮೀನು ಅಥವಾ ಒಣಮೀನು ಮಾತ್ರ ಎಂದು ಯಜಮಾನರು ಹೇಳಿದರು.

ಅನ್ನದ್ದೂ ಒಂದು ಕಥೆ. ಎರಡನೆಯ ದಿನ ಬೆಳಿಗ್ಗೆ ಕೆಂಪು ಬಣ್ಣದ, ದಪ್ಪ ಕಾಳಿನ ಅಕ್ಕಿಯ ಗಂಜಿ ಬಡಿಸಿದರು. ಅದು ಕಗ್ಗ. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಗಜನಿ ಎಂದು ಕರೆಯುವ, ಉಬ್ಬರದ ಉಪ್ಪುನೀರು ಒಳಬರುವ ತಗ್ಗುಗದ್ದೆಗಳಿವೆ. ಅಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿ ಬೆಳೆಯುವ ತಳಿ ಈ ಕಗ್ಗ. ಗೊಬ್ಬರ ಹಾಕುವುದಿಲ್ಲ, ಕೀಟನಾಶಕ ಸಿಂಪಡಿಸುವುದಿಲ್ಲ. ಮಳೆಗಾಲದ ಬೆಳೆ ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಆ ಅಘನಾಶಿನಿ ಅಳಿವೆಗೆ 2024ರಲ್ಲಿ, ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮಾನ್ಯತೆ ದೊರೆತಿದೆ. ಈ ಮನೆಯವರು ವರ್ಷಕ್ಕೆ ಬೇಕಾದ ಕಗ್ಗವನ್ನು ಮಾಣಿಕಟ್ಟೆಯ ಕಡೆಯ ನೆಂಟರಿಂದ ತರಿಸುತ್ತಾರೆ, ಉಪ್ಪನ್ನು ಸಾಣಿಕಟ್ಟೆಯ ಆಗರಗಳಿಂದ ತರುತ್ತಾರೆ. ಗಂಜಿಯ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ, ಹುರಿದ ಒಣ ಶೆಟ್ಲಿ, ಮಧ್ಯಾಹ್ನ ಕುಡಿಯಲು ಮುರುಗಲಿನ ಪಾನಕ. ನನ್ನ ಅತ್ತೆಯವರು ಮೀನು ತಿನ್ನುವುದಿಲ್ಲವಾದ್ದರಿಂದ ಅವರಿಗೆ ದಿನಕ್ಕೊಂದು ತಂಬುಳಿ ಮಾಡಿಕೊಟ್ಟರು. ಮೂರು ದಿನದಲ್ಲಿ ಪ್ಯಾಕೆಟ್ಟಿನಿಂದ ತೆಗೆದ ಒಂದೇ ಒಂದು ಪದಾರ್ಥವೆಂದರೆ ಮಗಳಿಗೆ ಕೊಟ್ಟ ಬಿಸ್ಕತ್ತು, ಅದೂ ನಾವು ಒಯ್ದದ್ದು.

ಕಾಸರಕೋಡಿನ ಇಕೋ ಬೀಚ್‌ಗೆ ಬರುತ್ತೇನೆ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತಡಿಗಳಿಗೆ ಒಮ್ಮೆಗೇ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಅವುಗಳಲ್ಲಿ ಎರಡು ನಮ್ಮ ರಾಜ್ಯದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಉತ್ತರ ಕನ್ನಡದ ಕಾಸರಕೋಡು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಚೇರಿಯಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವು 33 ಮಾನದಂಡಗಳನ್ನು ನೋಡಿ ಈ ಧ್ವಜವನ್ನು ಕೊಡುತ್ತದೆ. ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಪರಿಸರದ ತಿಳಿವಳಿಕೆ, ಸುರಕ್ಷತೆ ಮತ್ತು ಸೌಲಭ್ಯ ಎಂದು ಆ ಮಾನದಂಡಗಳಲ್ಲಿ ನಾಲ್ಕು ವರ್ಗಗಳಿವೆ. ಸ್ನಾನದ ನೀರಿನಲ್ಲಿ ಮಲದ ಸೂಚಕವಾದ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 250ನ್ನು ಮೀರಬಾರದೆಂಬುದು ಅದರ ಒಂದು ನಿಯಮ. ಪರೀಕ್ಷೆಯ ಫಲಿತಾಂಶವನ್ನು ದಡದಲ್ಲೇ ಪ್ರಕಟಿಸಬೇಕೆಂಬುದು ಇನ್ನೊಂದು. ಜೀವರಕ್ಷಕರು, ಶೌಚಾಲಯ, ಅಂಗವಿಕಲರಿಗೆ ದಾರಿ ಇವೂ ಅದರ ಭಾಗಗಳೇ. ಮಂಡಿನೋವಿನ ನನ್ನ ಅತ್ತೆಯವರು ಮರಳಿನಲ್ಲಿ ಕುಸಿಯದೆ, ಹಾಸಿದ ದಾರಿಯಲ್ಲಿ ಕಡಲಿನ ಸಮೀಪದವರೆಗೆ ನಡೆದು, ನೆರಳಿನಲ್ಲಿ ಕುಳಿತು ಒಂದು ಸಂಜೆಯನ್ನು ಕಳೆದರು. ಅವರು ಸಮುದ್ರದ ಹತ್ತಿರ ಕುಳಿತದ್ದು ಇಪ್ಪತ್ತು ವರ್ಷಗಳ ನಂತರ ಎಂದು ಆಮೇಲೆ ತಿಳಿಯಿತು. ಈ ಸೌಲಭ್ಯದ ಬೆಲೆ ಏನೆಂಬುದು ನನಗೆ ಆ ಸಂಜೆ ಅರ್ಥವಾಯಿತು.

ಆದರೂ ಧ್ವಜವನ್ನು ಓದುವ ಕ್ರಮ ಒಂದಿದೆ. ಅದು ಗಡಿ ಗುರುತಿಸಿದ ಒಂದು ತುಂಡು ದಡಕ್ಕೆ, ನಿರ್ದಿಷ್ಟ ಅವಧಿಗೆ ಕೊಡುವ ಮಾನ್ಯತೆ, ಮತ್ತು ಪ್ರತಿ ಬಾರಿಯೂ ನವೀಕರಿಸಿಕೊಳ್ಳಬೇಕಾದದ್ದು. ಆ ತುಂಡಿನ ಆಚೆಗಿರುವ ವಸತಿಗೃಹದ ಕೊಳೆನೀರು, ದೀಪ, ಕಸ ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬ್ಲೂ ಫ್ಲ್ಯಾಗ್ ಬೀಚಿನ ಹತ್ತಿರ ಎಂದು ಪ್ರಚಾರ ಮಾಡುವ ವಸತಿಗೃಹವು ಆ ಹತ್ತಿರವನ್ನು ಬಿಟ್ಟರೆ ಬೇರೇನನ್ನೂ ಸಾಬೀತುಪಡಿಸಿದಂತಾಗುವುದಿಲ್ಲ. ಇನ್ನೊಂದು ಮಾತು: ಗುಡಿಸಿದಂತೆ ಚೊಕ್ಕಟವಾಗಿ ಕಾಣುವ ದಡವೇ ಆರೋಗ್ಯವಂತ ದಡ ಎಂದು ನಾವು ತಿಳಿಯುತ್ತೇವೆ. ಮರಳನ್ನು ಹಿಡಿದಿಡುವ ಅಡಂಬುಬಳ್ಳಿ, ಅಲೆ ತಂದು ಬಿಟ್ಟ ಪಾಚಿ, ಬಿಲ ತೋಡುವ ಏಡಿ ಇವೆಲ್ಲ ದಡದ ಸ್ವಂತ ಬದುಕು. ಮೀನುಗಾರರ ಕೇರಿಯ ಕಡೆಗೆ ನಡೆದರೆ ಅಡಂಬುಬಳ್ಳಿಯ ನೇರಳೆ ಹೂವುಗಳು ಮರಳದಿಬ್ಬದ ತುಂಬ ಅರಳಿದ್ದವು. ನನಗೆ ಆ ದಂಡೆಯೇ ಹೆಚ್ಚು ಪ್ರಿಯವಾಯಿತು. ಈಜಲು ಮತ್ತು ಮಕ್ಕಳ ಸುರಕ್ಷತೆಗೆ ಜೀವರಕ್ಷಕರಿರುವ ಜಾಗ, ಸುಮ್ಮನೆ ನಡೆಯಲು ಈ ಜಾಗ ಎಂದು ನಾವು ಹಂಚಿಕೊಂಡೆವು.

ಹೆದ್ದಾರಿಯಿಂದ ಹೆಚ್ಚು ದೂರವಿಲ್ಲದ ಶರಾವತಿ ಕಾಂಡ್ಲಾ ನಡಿಗೆಪಥಕ್ಕೆ ಎರಡು ಬಾರಿ ಹೋದೆವು. ಕಾಂಡ್ಲಾ ಎಂದರೆ ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಅರಣ್ಯ ಇಲಾಖೆಯವರು ಕಾಂಡ್ಲಾವನದೊಳಗೆ, ಕೆಸರಿನ ಮೇಲೆ, ಕಂಬಗಳನ್ನೂರಿ ಮಾಡಿದ ಮರದ ಕಾಲುದಾರಿ ಅದು. ಎರಡು ಬಾರಿ ಹೋಗಬೇಕೆನ್ನಲು ಕಾರಣವಿದೆ. ಇಳಿತದಲ್ಲಿ ಹೋದರೆ ಕೆಸರಿನಿಂದ ಪೆನ್ಸಿಲುಗಳಂತೆ ಮೇಲೆದ್ದಿರುವ ಉಸಿರುಬೇರುಗಳು, ಊರುಗೋಲಿನಂತೆ ಬಾಗಿ ನೆಟ್ಟಿರುವ ಬೇರುಗಳು, ಒಂದೇ ದೊಡ್ಡ ಕೊಂಬಿನ ಸಣ್ಣ ಏಡಿಗಳು ಕಾಣುತ್ತವೆ. ಉಬ್ಬರದಲ್ಲಿ ಹೋದರೆ ಅದೇ ಬೇರುಗಳ ನಡುವೆ ನೀರು ತುಂಬಿ ಮೀನಿನ ಮರಿಗಳು ಆಡುತ್ತಿರುತ್ತವೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಹೊರಡುವ ಮೊದಲು ವೇಳೆಯನ್ನು ಸ್ಥಳೀಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಕಾಂಡ್ಲಾದ ಬೀಜ ಮರದ ಮೇಲೇ ಮೊಳೆತು, ಉದ್ದನೆಯ ಕೋಲಿನಂತೆ ಬೆಳೆದು, ಆಮೇಲೆ ಕೆಸರಿಗೆ ಬೀಳುವುದನ್ನು ಪುಸ್ತಕದ ಚಿತ್ರದಲ್ಲಿ ತೋರಿಸಿ ಪಾಠ ಮಾಡಿದ್ದ ನನಗೆ, ಅದನ್ನು ಕೈಗೆಟಕುವಷ್ಟು ಹತ್ತಿರದಲ್ಲಿ ಕಂಡಾಗ ಹೇಳಲಾಗದ ಸಂತೋಷವಾಯಿತು. ಬೆಳಿಗ್ಗೆ ಏಳೂವರೆಗೆ ಜನವಿರುವುದಿಲ್ಲ, ಮಿಂಚುಳ್ಳಿಗಳಿರುತ್ತವೆ.

ಪ್ರವಾಸದಲ್ಲಿ ನನಗೆ ಬೇಸರ ತಂದದ್ದು ಹಿನ್ನೀರಿನ ದೋಣಿವಿಹಾರ. ನಾವು ಹತ್ತಿದ ಖಾಸಗಿ ದೋಣಿಯವರು ಧ್ವನಿವರ್ಧಕದಲ್ಲಿ ಹಾಡು ಹಾಕಿದ್ದರು. ನಿಲ್ಲಿಸಿರೆಂದು ಕೇಳಿಕೊಂಡಾಗ ಬೇರೆ ಪ್ರಯಾಣಿಕರು ಬಯಸುತ್ತಾರೆ ಎಂದರು. ಚಿತ್ರ ತೆಗೆಯಲು ಅನುಕೂಲವಾಗಲೆಂದು ಬೆಳ್ಳಕ್ಕಿಗಳು ಕುಳಿತಿದ್ದ ಕಾಂಡ್ಲಾ ಗಿಡಗಳ ಬಳಿಗೇ ದೋಣಿಯನ್ನು ನುಗ್ಗಿಸಿ ಅವನ್ನೆಲ್ಲ ಹಾರಿಸಿದರು. ತಲೆಗೊಂದರಂತೆ ಅರ್ಧ ಲೀಟರಿನ ನೀರಿನ ಬಾಟಲಿ ಹಂಚಿದರು. ನಾವು ಬೇಡವೆಂದೆವು. ಅದೇ ನದಿಯಲ್ಲಿ ಮರುದಿನ ಯಜಮಾನರ ಪರಿಚಯದ ಮೀನುಗಾರರೊಬ್ಬರು ತಮ್ಮ ಪಾತಿದೋಣಿಯಲ್ಲಿ ಮಾವಿನಕುರ್ವೆಯ ಕಡೆಗೆ ಸ್ವಲ್ಪ ದೂರ ಹುಟ್ಟು ಹಾಕಿಕೊಂಡು ಕರೆದೊಯ್ದರು. ಗಂಟೆಗೆ 500 ರೂಪಾಯಿ ಕೊಟ್ಟೆವು. ನೀರಿಗೆ ಹುಟ್ಟು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ, ಹಕ್ಕಿಗಳು ಕುಳಿತಲ್ಲೇ ಕುಳಿತಿದ್ದವು. ಆದರೆ ಆ ಪುಟ್ಟ ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಒಂದೇ ಇತ್ತು. ಅದನ್ನು ಮಗಳಿಗೆ ತೊಡಿಸಿ ದಡದ ಅಂಚಿನಲ್ಲೇ ಇರುವಂತೆ ಕೇಳಿಕೊಂಡೆವು. ಮಕ್ಕಳೊಡನೆ ಹೋಗುವವರು ಜಾಕೆಟ್ಟುಗಳನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಮನೆಯ ಲೋಪಗಳನ್ನೂ ಹೇಳಬೇಕು. ಎರಡನೆಯ ದಿನ ಬೆಳಿಗ್ಗೆ ಹಿತ್ತಲಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಹೋಗಿ ನೋಡಿದರೆ ತೆಂಗಿನ ಸೋಗೆಯ ಜೊತೆಗೆ ಹಾಲಿನ ಪ್ಯಾಕೆಟ್ಟು, ಚಿಪ್ಸಿನ ಪೊಟ್ಟಣಗಳು ಉರಿಯುತ್ತಿದ್ದವು. ಹಿಂದಿನ ವಾರದ ಅತಿಥಿಗಳು ಬಿಟ್ಟುಹೋದದ್ದು ಎಂದು ಯಜಮಾನರು ಹೇಳಿದರು. ಒಣಕಸದ ಗಾಡಿ ವಾರಕ್ಕೊಮ್ಮೆ ಬರುತ್ತದೆ, ಬಾರದಿದ್ದರೆ ಇದೇ ದಾರಿ ಎಂದರು. ಪ್ಲಾಸ್ಟಿಕ್ ಸುಟ್ಟಾಗ ಬರುವ ಹೊಗೆ ವಿಷ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಫೋನಿನಲ್ಲಿ ಬಗೆಹರಿದಿಲ್ಲ ಎಂದದ್ದು ಇದನ್ನೇ. ಹಾಗಿದ್ದರೂ, ಬಾಳೆಮಡಿಗೆ ನೀರು ಹರಿಸುವಷ್ಟು ಜಾಣ್ಮೆಯುಳ್ಳವರು ಒಂದು ಡ್ರಮ್ಮಿನಲ್ಲಿ ಒಣಕಸ ತುಂಬಿಟ್ಟು ಗಾಡಿಗೆ ಕಾಯಬಹುದಾಗಿತ್ತು ಎಂದು ನನ್ನ ಅಭಿಪ್ರಾಯ, ಅದನ್ನು ಅವರೆದುರೇ ಹೇಳಿದೆ. ನಾವು ಒಯ್ದದ್ದರಲ್ಲಿ ಕಸವಾದದ್ದನ್ನೆಲ್ಲ ಒಂದು ಚೀಲದಲ್ಲಿ ಹಿಂದಕ್ಕೆ ತಂದೆವು. ಬಚ್ಚಲಿನಲ್ಲಿ ಶಾಂಪೂ ಸ್ಯಾಷೆಗಳನ್ನಿಡುವುದನ್ನೂ ಅವರು ನಿಲ್ಲಿಸಬೇಕು. ಬಿಸಿನೀರು ಹಂಡೆಯದು, ಸೌದೆಯ ಹೊಗೆ ಒಂದು ಕೋಣೆಯೊಳಗೆ ಬರುತ್ತದೆ. ಉಸಿರಾಟದ ತೊಂದರೆಯಿರುವವರು ಬೇರೆ ಕೋಣೆ ಕೇಳಿಕೊಳ್ಳಬೇಕು. ಸೊಳ್ಳೆಪರದೆ ಹರಿದಿತ್ತು, ಹೇಳಿದ ಕೂಡಲೇ ಬದಲಿಸಿದರು.

ಪ್ರಯಾಣದ ಲೆಕ್ಕ ಹೀಗಿದೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಕಾರಿನಲ್ಲಿ ಹೋಗಿ ಬರಲು ಸುಮಾರು 900 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 60 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಒಟ್ಟು 140 ಕಿಲೋದಷ್ಟಾಗುತ್ತದೆ. ಮೂರು ದಿನ ಬಕೆಟ್ಟಿನಲ್ಲಿ ಸ್ನಾನ ಮಾಡಿ ಉಳಿಸಿದ್ದನ್ನೆಲ್ಲ ಹೋಗಿಬರುವ ದಾರಿಯಲ್ಲೇ ಕಳೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಸಂಜೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಕಾರವಾರ ತಲಪುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹೊನ್ನಾವರದಲ್ಲಿ ನಿಲ್ಲುತ್ತದೆ. ನಿಲ್ದಾಣದಿಂದ ಶರಾವತಿ ಸೇತುವೆ ದಾಟಿ ಆಟೋದಲ್ಲಿ ಬಂದೆವು. ಕುಂದಾಪುರ ದಾಟಿದ ಮೇಲೆ ಬೆಳಗಾಗುವ ಹೊತ್ತಿಗೆ ಎದ್ದು ಕಿಟಕಿಯ ಬಳಿ ಕುಳಿತರೆ ಪ್ರವಾಸ ಅಲ್ಲಿಂದಲೇ ಆರಂಭವಾಗುತ್ತದೆ. ರಜಾದಿನಗಳಿಗೆ ಟಿಕೆಟ್ ಬೇಗ ಮುಗಿಯುವುದರಿಂದ ಎರಡು ತಿಂಗಳು ಮೊದಲೇ ಕಾದಿರಿಸುವುದು ಒಳಿತು. ಊರೊಳಗಿನ ಓಡಾಟಕ್ಕೆ ಸಾರಿಗೆ ಬಸ್ಸು ಮತ್ತು ಮನೆಯವರ ಎರಡು ಸೈಕಲ್ ಸಾಕಾದವು. ಕೋಣೆಗೆ ರಾತ್ರಿಗೆ 2,200 ರೂಪಾಯಿ, ಊಟಕ್ಕೆ ತಲೆಗೆ ದಿನಕ್ಕೆ 450. ಈ ಗುಣಮಟ್ಟಕ್ಕೆ ಇದು ನ್ಯಾಯವಾದ ಬೆಲೆ. ಬುಕಿಂಗ್ ಫೋನಿನಲ್ಲಿ ಮಾತ್ರ, ಅದೂ ಸಂಜೆ ಮಾತ್ರ ಎತ್ತುತ್ತಾರೆ.

ಒಯ್ಯಬೇಕಾದದ್ದು ಹೆಚ್ಚೇನಿಲ್ಲ: ಸ್ಟೀಲಿನ ನೀರಿನ ಬಾಟಲಿ, ಬಟ್ಟೆಯ ಚೀಲ, ಸೋಪಿನ ಬಿಲ್ಲೆ. ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಕೆಲವು ಸನ್‌ಸ್ಕ್ರೀನುಗಳಲ್ಲಿರುವ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಹಾನಿಕರವೆಂದು ಹವಾಯಿ ರಾಜ್ಯದಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿರ್ಬಂಧಿಸಿದ್ದಾರೆ. ಇಲ್ಲಿಂದ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹವಳಗಳ ನಡುವೆ ಡೈವಿಂಗ್ ಮಾಡಬೇಕೆನ್ನುವವರು ಇದನ್ನು ಗಮನಿಸಲೇಬೇಕು. ನಾವು ಮಗಳಿಗೆ ತುಂಬುತೋಳಿನ ಅಂಗಿ ಮತ್ತು ಟೋಪಿ ಹಾಕಿಸಿದೆವು, ಬಿಸಿಲಿಗೆ ಅದೇ ಸಾಕಾಯಿತು.

ಹೊರಡುವ ದಿನ ಬೆಳಿಗ್ಗೆ, ಬೇಸಿಗೆ ರಜೆಯಲ್ಲಿ ಏಪ್ರಿಲ್ ಕೊನೆಗೆ ಮತ್ತೆ ಬರಬಹುದೇ ಎಂದು ಕೇಳಿದೆ. ಯಜಮಾನರು ಉತ್ತರ ಹೇಳುವ ಮೊದಲೇ ಅವರ ತಾಯಿ ನನ್ನನ್ನು ಬಾವಿಕಟ್ಟೆಯ ಬಳಿಗೆ ಕರೆದರು. ಒಳಗೆ ಬಗ್ಗಿ ನೋಡಿದರೆ ಚಿರೆಕಲ್ಲಿನ ಸಾಲುಗಳ ನಡುವೆ ಒಂದು ಕಲ್ಲಿಗೆ ಸುಣ್ಣದಿಂದ ಗುರುತು ಹಾಕಿತ್ತು, ನೀರು ಅದಕ್ಕಿಂತ ಎರಡು ಸಾಲು ಮೇಲೆ ಇತ್ತು. "ಆ ಬಿಳಿ ಕಲ್ಲು ನೀರಿಂದ ಹೊರಗೆ ಕಂಡ್ರೆ ಕೋಣೆಗೆ ಬೀಗ ತಂಗಿ. ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೇ ಕಾಣ್ತದೆ. ಆಮೇಲಿನ ನೀರು ನಮ್ಗೆ, ದನಕ್ಕೆ, ಪಕ್ಕದ ಮನೆಯವ್ರಿಗೆ" ಎಂದರು. ಕಳೆದ ವರ್ಷ ಮಾರ್ಚ್ ನಡುವಿನಲ್ಲೇ ಮುಚ್ಚಿ, ಮಳೆ ಹಿಡಿದು ಬಾವಿ ತುಂಬಿದ ಮೇಲೆ ಅಕ್ಟೋಬರಿನಲ್ಲಿ ತೆರೆದಿದ್ದರಂತೆ. ನಾವು ನವೆಂಬರಿನ ಎರಡನೆಯ ವಾರಕ್ಕೆ ಮುಂಗಡ ಕೊಟ್ಟು ಬಂದೆವು.